ಊರಿನ ಚರಂಡಿ ಕೆರೆಗೆ ಬೇಡ: ನಮ್ಮ ಗ್ರಾಮ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಸದಸ್ಯರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಮತ್ತು ನಮ್ಮೂರಿನ ಸಮಸ್ತರಿಗೆ,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ.

ವಿಷಯ: ಬಚ್ಚಲು ನೀರಿನ ಚರಂಡಿಯನ್ನು ಕೆರೆಗೆ ಸೇರಿಸುವ ಕಾಮಗಾರಿ ಕೈಬಿಟ್ಟು, ಆ ನೀರನ್ನು ಊರಿನಲ್ಲೇ ಶುದ್ಧ ಮಾಡುವ ಬಗ್ಗೆ.

ನಮಸ್ಕಾರ.

ಈ ವರ್ಷದ ಕ್ರಿಯಾಯೋಜನೆಯಲ್ಲಿ ಮೇಲಿನ ಬೀದಿಯಿಂದ ಕೆಳಗಿನ ಕೇರಿ ಹಾಯ್ದು ಕೆರೆಯ ತನಕ ಬಾಕ್ಸ್ ಚರಂಡಿ ಮಾಡುವ ಕಾಮಗಾರಿ ಸೇರಿದೆ. ಪಂಚಾಯಿತಿ ಕಟ್ಟಡದ ಗೋಡೆಗೆ ಅಂಟಿಸಿರುವ ಪಟ್ಟಿಯಲ್ಲಿ ಅದನ್ನು ಓದಿದೆ. ಆ ಕೆಲಸವನ್ನು ಈಗಿರುವ ರೂಪದಲ್ಲಿ ಶುರು ಮಾಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕೇರಿಗೆ ಚರಂಡಿ ಬೇಕು. ಅದಕ್ಕಾಗಿ ಎಷ್ಟೋ ಸಲ ಅರ್ಜಿ ಕೊಟ್ಟವರು ನಾವೇ. ಆದರೆ ಊರಿನ ಕೊಳಚೆಯನ್ನೆಲ್ಲ ಹೊತ್ತು ತಂದು ಕೆರೆಗೆ ಸುರಿಯುವ ಚರಂಡಿ ನಮಗೂ ಬೇಡ, ಊರಿಗೂ ಬೇಡ.

ನಾನು ಕೆಳಗಿನ ಕೇರಿಯ ಸೊಸೆ. ಬಿ.ಎಸ್ಸಿ. ಓದಿದ್ದೇನೆ, ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಂಗಸರಿಗೆ ಕುಡಿಯುವ ನೀರಿನ ಪರೀಕ್ಷೆ ಹೇಳಿಕೊಡುತ್ತಾರಲ್ಲ, ಆ ಐವರಲ್ಲಿ ನಾನೂ ಒಬ್ಬಳು. ಹಾಗಾಗಿ ಇಲ್ಲಿ ಬರೆದಿರುವುದು ಕಣ್ಣಾರೆ ಕಂಡದ್ದು, ಕೈಯಾರೆ ಪರೀಕ್ಷೆ ಮಾಡಿದ್ದು ಮತ್ತು ಸರ್ಕಾರದ್ದೇ ಮಾರ್ಗಸೂಚಿಗಳಲ್ಲಿ ಓದಿದ್ದು.

ಮೊದಲು ನಮ್ಮ ಕೇರಿಯ ವಿಚಾರ. ಊರು ಕಟ್ಟುವಾಗ ನಮ್ಮ ಹಿರಿಯರಿಗೆ ಸಿಕ್ಕಿದ್ದು ಕೆರೆ ಕಡೆಯ ತಗ್ಗು ಜಾಗ. ಯಾಕೆ ಅದೇ ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ನಲ್ಲಿಗೆ ನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಮೇಲಿನ ಬೀದಿಯಲ್ಲಿ ಸ್ನಾನ, ಪಾತ್ರೆ, ಬಟ್ಟೆ ಶುರುವಾಗುತ್ತದೆ. ಮಕ್ಕಳು ಶಾಲೆಗೆ ಹೊರಡುವ ವೇಳೆಗೆ ಆ ನೀರು ನಮ್ಮ ಬಾಗಿಲಿಗೆ ಬಂದಿರುತ್ತದೆ. ಮೇಲೆ ಸೋಪಿನ ನೊರೆ, ಕೆಳಗೆ ಅನ್ನದ ಅಗುಳು, ಕೊಟ್ಟಿಗೆ ತೊಳೆದ ನೀರಿನ ಹಸಿರು, ನಡುನಡುವೆ ಶಾಂಪೂ ಸ್ಯಾಶೆ. ಅದು ಹರಿಯುವುದು ಮಣ್ಣಿನ ಮೋರಿಯಲ್ಲಿ. ಹರಿಯುತ್ತದೆ ಎನ್ನುವುದಕ್ಕಿಂತ ಗುಂಡಿಯಿಂದ ಗುಂಡಿಗೆ ತುಂಬಿಕೊಂಡು ಬರುತ್ತದೆ ಎನ್ನಬೇಕು. ಆರಿದ್ರಾ ಮಳೆ ಹಿಡಿಯಿತೆಂದರೆ ಅದೇ ನೀರು ಹೊಸಿಲು ದಾಟುತ್ತದೆ. ಇಳಿದ ಮೇಲೆ ನೆಲ ಸಾರಿಸಿದರೂ ಆ ನಾತ ಬೇಗ ಹೋಗುವುದಿಲ್ಲ.

ಸೊಳ್ಳೆಯ ವಿಷಯದಲ್ಲಿ ಒಂದು ಮಾತು. ಡೆಂಗಿ ಎಂದೊಡನೆ ಮೋರಿಗೆ ಹೊಗೆ ಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಡ್ರಮ್ಮು, ಟಯರು, ತೆಂಗಿನ ಚಿಪ್ಪಿನಲ್ಲಿ ನಿಂತ ತಿಳಿನೀರಿನಲ್ಲಿ. ಮೋರಿಯ ಕೊಳಚೆಯಲ್ಲಿ ಹೆಚ್ಚಾಗಿ ಹುಟ್ಟುವುದು ಕ್ಯುಲೆಕ್ಸ್. ಆನೆಕಾಲು ರೋಗ ಹರಡುವ ಜಾತಿ ಅದು. ಹೊಗೆಗೆ ಹಾರಾಡುವ ಸೊಳ್ಳೆ ಸಾಯಬಹುದು, ಮೋರಿಯೊಳಗಿನ ಮರಿಹುಳು ಸಾಯುವುದಿಲ್ಲ. ನೀರು ನಿಲ್ಲದಂತೆ ನೋಡಿಕೊಳ್ಳದೆ ಎಷ್ಟು ಹೊಗೆ ಹಾಕಿದರೂ ಅಷ್ಟೇ.

ಹಿಂದೆ ಈ ತಾಪತ್ರಯ ಇರಲಿಲ್ಲವಲ್ಲ ಎಂದು ಹಿರಿಯರು ಕೇಳುತ್ತಾರೆ. ಇರಲಿಲ್ಲ, ನಿಜ. ಬಾವಿಯಿಂದ ಸೇದಿ, ಕೊಡದಲ್ಲಿ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಬಚ್ಚಲಿನ ಹಿಂದೆ ನಾಲ್ಕು ಬಾಳೆ, ಒಂದಿಷ್ಟು ಕೆಸ, ಒಂದು ತೆಂಗು. ಇದ್ದ ನೀರು ಅಲ್ಲೇ ಇಂಗುತ್ತಿತ್ತು. ಈಗ ಮನೆಮನೆಗೆ ನಲ್ಲಿ ಬಂದಿದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದ ಹೆಸರಿನಲ್ಲಿ ಹೇಳುವುದಾದರೆ ಮನೆ ಮನೆಗೆ ಗಂಗೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆಂದು ಹೇಳುತ್ತದೆ. ಹೆಣ್ಣುಮಕ್ಕಳ ಸೊಂಟ ಉಳಿಸಿದ ಯೋಜನೆ ಅದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಬಂದ ನೀರಿನಲ್ಲಿ ನೂರಕ್ಕೆ 65ರಿಂದ 70 ಭಾಗ ಬಚ್ಚಲು ನೀರಾಗಿ ಹೊರಗೆ ಬರುತ್ತದೆ ಎಂಬುದು ಎಂಜಿನಿಯರುಗಳೇ ಹಾಕುವ ಲೆಕ್ಕ. ಸಾವಿರ ಜನರ ಊರೆಂದರೆ ದಿನಕ್ಕೆ 55 ಸಾವಿರ ಲೀಟರ್ ಬರುತ್ತದೆ, ಕಡಿಮೆ ಎಂದರೂ 36 ಸಾವಿರ ಲೀಟರ್ ಬಚ್ಚಲಿನಿಂದ ಹೋಗುತ್ತದೆ. 5 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಏಳು ಲೋಡು. ದಿನಾ ಏಳು ಟ್ಯಾಂಕರ್ ಕೊಳಚೆ ತಂದು ಕೆರೆಗೆ ಬಿಡುತ್ತೇವೆ ಎಂದು ಯಾರಾದರೂ ಬಂದರೆ ಊರೇ ಎದ್ದು ನಿಲ್ಲುತ್ತಿತ್ತು. ಚರಂಡಿ ಮಾಡಿಕೊಟ್ಟರೆ ಅದೇ ಕೆಲಸ ಸದ್ದಿಲ್ಲದೆ ಆಗುತ್ತದೆ.

ಕೆರೆಗೆ ಹೋದ ಮೇಲೆ ಏನಾಗುತ್ತದೆ? ಕೊಳಚೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲೇ ಇವೆ. ಆದರೆ ಆ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು, ಅದನ್ನು ನೀರಿನಿಂದಲೇ ಎಳೆದುಕೊಳ್ಳುತ್ತವೆ. ಇನ್ನೊಂದು ಕಡೆ ಕೊಳಚೆಯ ಸಾರಜನಕ, ರಂಜಕ ಸೇರಿ ಕೆರೆಗೆ ಗೊಬ್ಬರ ಹಾಕಿದಂತಾಗುತ್ತದೆ. ಮೊದಲು ಪಾಚಿ, ಆಮೇಲೆ ಅಂತರಗಂಗೆ. ಹಗಲಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ತಾನೂ ಅದನ್ನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಕಳೆದ ಬೇಸಿಗೆಯಲ್ಲಿ ತೂಬಿನ ಹತ್ತಿರ ಬೆಳಕು ಹರಿಯುವ ಮೊದಲೇ ಮೀನುಗಳು ಬಾಯಿ ಮೇಲಕ್ಕೆತ್ತಿ ಗಾಳಿ ಗುಟುಕರಿಸುತ್ತಿದ್ದುದನ್ನು ನೀರು ಹಾಯಿಸಲು ಹೋದ ಎಷ್ಟೋ ಜನ ನೋಡಿದ್ದಾರೆ. ಯಾರೋ ಔಷಧಿ ಹಾಕಿದ್ದಾರೆ ಎಂದು ಮಾತಾಯಿತು. ಮೋರಿ ಬಂದು ಸೇರುವ ಮೂಲೆಯಲ್ಲೇ ಅದು ಹೆಚ್ಚು ಕಂಡದ್ದರಿಂದ ಔಷಧಿಯ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಕುಡಿಯುವ ನೀರು. ಪರೀಕ್ಷಾ ಕಿಟ್ಟಿನಲ್ಲಿ ಒಂದು ಸಣ್ಣ ಸೀಸೆ ಇರುತ್ತದೆ. ಅದಕ್ಕೆ ಗುರುತಿನ ತನಕ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿನಲ್ಲಿ ಮಲದ ಸೋಂಕಿದ್ದರೆ ಅದು ಕಪ್ಪಾಗುತ್ತದೆ. ಮೂರು ಕಡೆಯ ನೀರನ್ನು ನಮ್ಮ ಅಡುಗೆ ಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ. ನಲ್ಲಿಯದು ಬಣ್ಣ ಬದಲಿಸಲಿಲ್ಲ. ಶಾಲೆ ಹತ್ತಿರದ ಬೋರ್‌ವೆಲ್ಲಿನದೂ ಹಾಗೇ ಇತ್ತು. ನಮ್ಮ ಕೇರಿಯ ಕೈಪಂಪಿನದು ಮರುದಿನ ಬೆಳಿಗ್ಗೆ ನೋಡುವಷ್ಟರಲ್ಲಿ ಕಾಡಿಗೆಯ ಬಣ್ಣಕ್ಕೆ ತಿರುಗಿತ್ತು. ಅದೇ ಪಂಪಿನ ನೈಟ್ರೇಟ್ ಪರೀಕ್ಷೆ ಮಾಡಿದರೆ ಬಣ್ಣ 45ರ ಗುರುತು ದಾಟಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮೇ ಮಿತಿ, ಅದಕ್ಕಿಂತ ಹೆಚ್ಚಿದ್ದರೆ ಎಳೆಗೂಸುಗಳಿಗೆ ಅಪಾಯ. ಕರೆಂಟು ಹೋಗಿ ನಲ್ಲಿ ನಿಂತ ದಿನ ನಮ್ಮ ಕೇರಿಯವರು ಕುಡಿಯುವುದು ಆ ಪಂಪಿನ ನೀರನ್ನೇ. ಆವತ್ತಿನಿಂದ ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದೇವೆ, ಕಾಯಿಸದೆ ಕುಡಿಯಬೇಡಿ ಎಂದು ಮನೆಮನೆಗೆ ಹೇಳಿದ್ದೇವೆ. ಕಾಯಿಸಿದರೆ ಸೋಂಕು ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ.

ಕೆರೆಗೆ ಕೊಳಚೆ ಬಿಡುವುದು ಕಾನೂನಿಗೂ ವಿರುದ್ಧ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಕಲಮಿನಲ್ಲೇ ಅದು ಇದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು 2017ರಲ್ಲಿ ಟಿ.ವಿ.ಯಲ್ಲಿ ನೋಡಿ ನಾವೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡೆವು. ಅದೂ ಒಂದು ಕಾಲಕ್ಕೆ ಹಳ್ಳಿಯ ಕೆರೆಯೇ, ಗದ್ದೆಗೆ ನೀರು ಕೊಟ್ಟ ಕೆರೆಯೇ. ನಮ್ಮ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಯಗಚಿಗೆ ಹೋಗುತ್ತದೆ, ಯಗಚಿ ಗೊರೂರಿನ ಕಡೆ ಹೇಮಾವತಿಯನ್ನು ಸೇರುತ್ತದೆ. ನಮ್ಮ ಬಚ್ಚಲಿನದು ನಮ್ಮಲ್ಲಿಗೇ ಮುಗಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ.

ಹಿತ್ತಲಿರುವ ಮನೆಗಳಲ್ಲಿ ಬಚ್ಚಲು ನೀರು ಹಿತ್ತಲು ದಾಟಬೇಕಾಗಿಲ್ಲ. ಮೇಲಿನ ಬೀದಿಯಲ್ಲಿ ಹೆಚ್ಚಿನ ಮನೆಗಳಿಗೆ ಹಿತ್ತಲಿದೆ. ಅಲ್ಲಿ ಮನೆಗೊಂದು ಬಚ್ಚಲುಗುಂಡಿ ಸಾಕು. ಗೊತ್ತು, ಈ ಮಾತು ತೆಗೆದರೆ ಊರಿನಲ್ಲಿ ನಗುತ್ತಾರೆ. ಉದ್ಯೋಗ ಖಾತರಿಯಲ್ಲಿ ಒಂದಷ್ಟು ಗುಂಡಿಗಳಾಗಿ, ಎರಡನೇ ಮಳೆಗಾಲಕ್ಕೆ ಉಕ್ಕಿ ಹರಿದು, ಜನ ಪೈಪನ್ನು ಮತ್ತೆ ಮೋರಿಗೆ ತಿರುಗಿಸಿಕೊಂಡಿದ್ದಾರೆ. ಅಂಥ ಒಂದು ಗುಂಡಿಯನ್ನು ಮನೆಯವರ ಒಪ್ಪಿಗೆ ಪಡೆದು ನಮ್ಮ ಸಂಘದವರು ಬಿಚ್ಚಿ ನೋಡಿದೆವು. ಮೇಲೆ ಚಪ್ಪಡಿ, ಅದರ ಕೆಳಗೆ ಬೆರಳು ಗಾತ್ರದ ಬೂದುಬಣ್ಣದ ಜಿಡ್ಡು. ಜಿಡ್ಡು ಕೆರೆದರೆ ದಪ್ಪ ಕಲ್ಲಿನ ಬದಲು ಮನೆ ಕೆಡವಿದ ಇಟ್ಟಿಗೆ ಪುಡಿ, ಗಾರೆ, ಮಣ್ಣು. ಪಾತ್ರೆ ತೊಳೆದ ನೀರು ನೇರವಾಗಿ ಗುಂಡಿಗೇ ಬೀಳುತ್ತಿತ್ತು. ನಡುವೆ ಕಸ ಹಿಡಿಯುವ ತೊಟ್ಟಿಯೇ ಇಲ್ಲ. ಅದು ಎರಡು ಮಳೆಗಾಲ ತಡೆದುಕೊಂಡಿದ್ದೇ ದೊಡ್ಡದು. ಗುಂಡಿ ಎಂಬ ಉಪಾಯದಲ್ಲಿ ತಪ್ಪಿಲ್ಲ. ಕೆಲಸ ನೋಡದೆ ಬಿಲ್ಲು ಬರೆದದ್ದರಲ್ಲಿ ತಪ್ಪಿದೆ.

ಸರಿಯಾಗಿ ಮಾಡುವುದು ಕಷ್ಟವೇನಲ್ಲ. ಮೊದಲು ಮಣ್ಣು ನೋಡಬೇಕು. ಗುಂಡಿ ತೆಗೆಯುವ ಜಾಗದಲ್ಲಿ ಒಂದಡಿ ಕುಣಿ ತೋಡಿ, ಮಣ್ಣು ಚೆನ್ನಾಗಿ ನೆನೆಯುವ ಹಾಗೆ ನೀರು ಹಾಕಿ, ಆಮೇಲೆ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯಬೇಕು. ಒಂದಿಂಚು ಇಳಿಯಲು ಒಂದು ಗಂಟೆಗಿಂತ ಹೆಚ್ಚು ಹಿಡಿದರೆ ಅಲ್ಲಿ ಇಂಗುಗುಂಡಿ ಬೇಡ. ಮೇಲಿನ ಬೀದಿಯ ಕೆಂಪು ಮಣ್ಣಿನಲ್ಲಿ ನೀರು ಚೆನ್ನಾಗಿ ಇಂಗುತ್ತದೆ. ಕೆರೆ ಪಕ್ಕದ ಜೇಡಿಯಲ್ಲಿ ಇಂಗುವುದಿಲ್ಲ, ಮಳೆಗಾಲದಲ್ಲಿ ಅಂತರ್ಜಲವೇ ಮೇಲೆ ಬಂದಿರುತ್ತದೆ. ಗುಂಡಿ ಮೂರೂವರೆ ನಾಲ್ಕಡಿ ಉದ್ದಗಲ ಆಳ ಇದ್ದರೆ ಒಂದು ಮನೆಗೆ ಸಾಕು. ತಳಕ್ಕೆ ದಪ್ಪ ಕಲ್ಲು, ನಡುವೆ ಮಧ್ಯಮ ಗಾತ್ರದವು, ಮೇಲೆ ಸಣ್ಣವು. ಗುಂಡಿಗೆ ಮೊದಲು ಒಂದು ಸಣ್ಣ ತೊಟ್ಟಿ ಕಟ್ಟಿದರೆ ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ, ಅಗುಳು ಕೆಳಗೆ ಕೂರುತ್ತದೆ, ನಡುವಿನ ನೀರಷ್ಟೇ ಗುಂಡಿಗೆ ಹೋಗುತ್ತದೆ. ಆ ತೊಟ್ಟಿಯ ಕಸವನ್ನು ವಾರಕ್ಕೊಮ್ಮೆ ತೆಗೆದು ತಿಪ್ಪೆಗೆ ಹಾಕಿದರೆ ಗುಂಡಿ ವರ್ಷಗಟ್ಟಲೆ ಬಾಳುತ್ತದೆ. ಬಾವಿಯಿಂದ, ಬೋರಿನಿಂದ 10 ಮೀಟರಾದರೂ ದೂರ ಇರಲಿ. ಗುಂಡಿಯೂ ಬೇಡ ಎನ್ನುವವರು ತೊಟ್ಟಿಯಿಂದ ನೇರ ತೆಂಗು, ಬಾಳೆಯ ಪಾತಿಗೆ ಬಿಡಬಹುದು. ಸರದಿಯ ಮೇಲೆ ಮರ ಬದಲಿಸುತ್ತಾ ಇದ್ದರೆ ಮಣ್ಣು ಕೆಡುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಬೇಡ.

ಶೌಚಾಲಯದ ಗುಂಡಿಯ ಮಾತು ಬಂದರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಆದರೆ ಕೈಪಂಪಿನ ಸೀಸೆ ಕಪ್ಪಾಗಲು ಬಚ್ಚಲು ನೀರೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಎಂದು ಘೋಷಣೆಯಾಯಿತು. ಕಟ್ಟಿದ ಶೌಚಾಲಯಗಳ ಗುಂಡಿಯನ್ನು ಹೇಗೆ ಮಾಡಿದರು ಎಂದು ಯಾರೂ ಇಣುಕಲಿಲ್ಲ. ಸರ್ಕಾರ ಹೇಳಿದ್ದು ಜೋಡಿ ಗುಂಡಿ: ಸುಮಾರು ನಾಲ್ಕಡಿ ಆಳದ ಎರಡು ಗುಂಡಿ, ನಡುವೆ ತಿರುಗಿಸುವ ಚೇಂಬರು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟದ್ದು ಒಂದೂವರೆ ಎರಡು ವರ್ಷದಲ್ಲಿ ಒಣ ಗೊಬ್ಬರವಾಗುತ್ತದೆ, ವಾಸನೆಯೂ ಇರುವುದಿಲ್ಲ. ನಮ್ಮಲ್ಲಿ ತುಂಬಲೇಬಾರದು ಎಂದು ಸಿಮೆಂಟ್ ರಿಂಗ್ ಮೇಲೆ ರಿಂಗ್ ಇಳಿಸಿ ಹದಿನೈದು ಇಪ್ಪತ್ತಡಿ ಹೋಗಿದ್ದಾರೆ. ಅಷ್ಟು ಆಳಕ್ಕೆ ಹೋದರೆ ಅದು ಮಳೆಗಾಲದಲ್ಲಿ ಅಂತರ್ಜಲವನ್ನೇ ಮುಟ್ಟುತ್ತದೆ. ಜಾಗವಿಲ್ಲದ ಕೆಲವರು ಸೆಪ್ಟಿಕ್ ಟ್ಯಾಂಕಿನ ಹೊರಪೈಪನ್ನು ಮೋರಿಗೇ ಬಿಟ್ಟಿದ್ದಾರೆ. ಬಾಕ್ಸ್ ಚರಂಡಿ ಬಂದು ಮೇಲೆ ಚಪ್ಪಡಿ ಮುಚ್ಚಿದರೆ ಅಂಥ ಪೈಪುಗಳು ಇನ್ನೂ ಹೆಚ್ಚಾಗುತ್ತವೆ, ಕಣ್ಣಿಗೆ ಕಾಣುವುದಿಲ್ಲವಲ್ಲ.

ಆ ಚರಂಡಿ ಕಟ್ಟಿಕೊಂಡ ದಿನ ತೆಗೆಯಲು ಯಾರನ್ನು ಇಳಿಸುತ್ತೀರಿ? ಈ ಪ್ರಶ್ನೆಯನ್ನು ನಮ್ಮ ಕೇರಿಯವಳಾಗಿ ನಾನು ಕೇಳಲೇಬೇಕು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ಮಲದ ಗುಂಡಿಗೆ, ಮಲ ಹರಿಯುವ ಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು ಶಿಕ್ಷೆಯಾಗುವ ಅಪರಾಧ. ಆದರೂ ಇಂಥ ಕೆಲಸಕ್ಕೆ ಮೊದಲು ಹೇಳಿಕಳಿಸುವುದು ಎಲ್ಲಿಗೆ ಎಂಬುದು ನಮಗೆ ಗೊತ್ತು. ಹೀರುವ ಗಾಡಿ ತರಿಸಿದರೂ ಅದು ಎಲ್ಲಿಗೆ ಒಯ್ದು ಸುರಿಯುತ್ತದೆ ಎಂದು ಪಂಚಾಯಿತಿಗೆ ಗೊತ್ತಿರಬೇಕು. ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯವನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ನಡೆಯುತ್ತಿದೆ. ಅಂಥದ್ದನ್ನು ಒಂದು ಹಳ್ಳಿ ಕಟ್ಟಲಾಗದು, ಹತ್ತಾರು ಪಂಚಾಯಿತಿಗಳು ಸೇರಿ ಕೇಳಿದರೆ ತಾಲ್ಲೂಕಿಗೊಂದು ಆಗಬಹುದು. ಅದಕ್ಕೆ ನಮ್ಮ ಪಂಚಾಯಿತಿ ಒಂದು ನಿರ್ಣಯವನ್ನಾದರೂ ಬರೆಯಲಿ.

ಈಗ ನಮ್ಮ ಕೇರಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಹಿತ್ತಲಿಲ್ಲ, ಜೇಡಿ ಮಣ್ಣು. ಇಲ್ಲಿ ಬಚ್ಚಲುಗುಂಡಿ ನಡೆಯುವುದಿಲ್ಲ. ಇಲ್ಲಿಗೆ ಬೇಕಾಗಿರುವುದು ಮನೆಗಳ ನೀರನ್ನು ಸಣ್ಣ ಪೈಪಿನಲ್ಲಿ ಒಟ್ಟಿಗೆ ತಂದು, ಕೆರೆಗೆ ಮುಟ್ಟುವ ಮೊದಲೇ ಶುದ್ಧ ಮಾಡುವ ವ್ಯವಸ್ಥೆ. ಸ್ವಚ್ಛ ಭಾರತ್ ಎರಡನೇ ಹಂತದ ಮಾರ್ಗಸೂಚಿಯಲ್ಲಿ ಇದಕ್ಕೆ ಹಲವು ದಾರಿಗಳನ್ನು ಕೊಟ್ಟಿದ್ದಾರೆ. ನಮ್ಮ ಜಾಗಕ್ಕೆ ಹೊಂದುವುದು ಜಲ್ಲಿ ಹಾಸಿನ ಮೇಲೆ ಗಿಡ ಬೆಳೆಸುವ ಪದ್ಧತಿ ಎಂದು ನನಗೆ ಅನಿಸುತ್ತದೆ. ಬಯಲು ಹೊಂಡಗಳ ಸಾಲು ಮಾಡಿ ಬಿಸಿಲಿನಲ್ಲಿ ನೀರು ಶುದ್ಧವಾಗಲು ಬಿಡುವುದು ಇನ್ನೊಂದು ದಾರಿ, ಖರ್ಚೂ ಕಡಿಮೆ. ಆದರೆ ಅದಕ್ಕೆ ಜಾಗ ಬಹಳ ಬೇಕು, ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲನ್ನು ನಂಬುವ ಹಾಗಿಲ್ಲ, ಮನೆಗಳ ಪಕ್ಕ ತೆರೆದ ಹೊಂಡವೆಂದರೆ ಮಕ್ಕಳ ಭಯ ಬೇರೆ.

ಗಿಡದ ಹಾಸು ಕೆಲಸ ಮಾಡುವುದು ಹೀಗೆ. ಮೊದಲು ಎರಡು ಕೋಣೆಯ ಮುಚ್ಚಿದ ತೊಟ್ಟಿ. ಕೊಳಚೆ ಅಲ್ಲಿ ನಿಂತು ಗಟ್ಟಿ ಪದಾರ್ಥ ತಳ ಸೇರುತ್ತದೆ. ಅಲ್ಲಿಂದ ನೀರು ಸೋರದಂತೆ ತಳ ಕಟ್ಟಿದ, ಸುಮಾರು ಎರಡಡಿ ಆಳ ಜಲ್ಲಿ ತುಂಬಿದ ಉದ್ದನೆಯ ತೊಟ್ಟಿಗೆ ನೀರು ಹೋಗುತ್ತದೆ. ಜಲ್ಲಿಯ ಮೇಲೆ ಕಾಬಾಳೆ, ಜೊಂಡು ನೆಡುತ್ತಾರೆ. ನೀರು ಜಲ್ಲಿಯ ಒಳಗೇ ಹರಿಯುವುದರಿಂದ ಮೇಲೆ ನಿಲ್ಲುವುದಿಲ್ಲ, ಸೊಳ್ಳೆಗೂ ಜಾಗವಿಲ್ಲ. ಜಲ್ಲಿಗೆ, ಬೇರಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳಚೆಯನ್ನು ತಿನ್ನುತ್ತವೆ, ಗಿಡ ಒಂದಷ್ಟು ಗೊಬ್ಬರದ ಅಂಶ ಎಳೆದುಕೊಳ್ಳುತ್ತದೆ. ಇಳಿಜಾರು ಇರುವುದರಿಂದ ಮೋಟಾರು ಬೇಡ, ಕರೆಂಟು ಬೇಡ. ಒಬ್ಬರಿಗೆ ಒಂದು ಚದರ ಮೀಟರಿನಂತೆ ಹಿಡಿದರೂ ಮುನ್ನೂರು ಜನರ ಕೇರಿಗೆ ಮೂರು ಗುಂಟೆ ಜಾಗ ಸಾಕು. ಸಮುದಾಯ ಭವನದ ಹಿಂದೆ ಪಂಚಾಯಿತಿಯದೇ ಖರಾಬು ಜಾಗ ಇದೆ. ಕೆರೆ ಅಂಗಳದೊಳಗೆ ಮಾತ್ರ ಒಂದು ಕಲ್ಲನ್ನೂ ಇಡಬೇಡಿ. ಹೊರಬಂದ ನೀರನ್ನು ಸೀಮೆಹುಲ್ಲಿಗೆ, ತೆಂಗಿಗೆ ಬಿಡಬಹುದು. ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು ನಮ್ಮ ಕೇರಿಯಲ್ಲೂ ಇದ್ದಾರೆ, ಬೇಸಿಗೆಯ ಮೇವಿಗೆ ಪರದಾಡುತ್ತಾರೆ.

ಒಂದು ಎಚ್ಚರಿಕೆ. ಮಳೆ ನೀರನ್ನು ಇದಕ್ಕೆ ಸೇರಿಸಬಾರದು. ಪುಷ್ಯ ಮಳೆಯ ಒಂದು ರಾತ್ರಿಯ ನೀರು ಬಂದರೆ ತೊಟ್ಟಿಯ ಹೂಳೆಲ್ಲ ಎದ್ದು ಜಲ್ಲಿಯೊಳಗೆ ಹೊಕ್ಕು ಕಟ್ಟಿಕೊಳ್ಳುತ್ತದೆ, ಹಾಸು ಹಾಳಾಗುತ್ತದೆ. ಆದ್ದರಿಂದಲೇ ಚರಂಡಿಯೂ ಬೇಕು ಎಂದದ್ದು. ಚರಂಡಿಯಲ್ಲಿ ಮಳೆ ನೀರು ಹೋಗಲಿ. ಅದು ಕೆರೆಗೇ ಸೇರಬೇಕಾದ ನೀರು. ಬಚ್ಚಲು ನೀರಿಗೆ ಬೇರೆ ದಾರಿ ಇರಲಿ. ಎರಡನ್ನೂ ಒಂದೇ ಬಾಕ್ಸಿಗೆ ತುಂಬುವ ಅಂದಾಜು ಪಟ್ಟಿಯನ್ನು ಬದಲಿಸಬೇಕಾಗಿರುವುದು ಇಲ್ಲಿಯೇ.

ಯಂತ್ರದ ಶುದ್ಧೀಕರಣ ಘಟಕ ತರಿಸೋಣ ಎಂದು ಒಬ್ಬ ಸದಸ್ಯರು ಹೇಳಿದ್ದನ್ನು ಕೇಳಿದ್ದೇನೆ. ಗಾಳಿ ಊದುವ ಮೋಟಾರು ಹಗಲು ರಾತ್ರಿ ಓಡಬೇಕಾದ ಘಟಕ ಅದು. ಬೀದಿ ದೀಪ, ನೀರಿನ ಪಂಪಿನ ಕರೆಂಟು ಬಿಲ್ಲನ್ನೇ ಕಟ್ಟಲು ಒದ್ದಾಡುವ ಪಂಚಾಯಿತಿಗೆ ಇನ್ನೊಂದು ಮೀಟರು ಬೇಡ. ಮೂರು ದಿನ ಕರೆಂಟು ಕೈಕೊಟ್ಟರೆ ಒಳಗಿನ ಜೀವಿಗಳೂ ಸಾಯುತ್ತವೆ.

ಹಣವಿಲ್ಲ ಎನ್ನುವಂತಿಲ್ಲ. 5 ಸಾವಿರ ಜನಸಂಖ್ಯೆಯೊಳಗಿನ ಊರುಗಳಿಗೆ ಬೂದು ನೀರು, ಅಂದರೆ ಈ ಬಚ್ಚಲು ನೀರಿನ ನಿರ್ವಹಣೆಗೆಂದೇ ತಲೆಗೆ 280 ರೂಪಾಯಿ ತನಕ ಸ್ವಚ್ಛ ಭಾರತ್ ಎರಡನೇ ಹಂತದಲ್ಲಿ ಇಟ್ಟಿದ್ದರು. ಅದರಲ್ಲಿ ನೂರಕ್ಕೆ 30 ಭಾಗ ಪಂಚಾಯಿತಿ ತನ್ನ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಸಾವಿರ ಜನರ ಊರಿಗೆ 2 ಲಕ್ಷದ 80 ಸಾವಿರ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಎಂದು ಕಟ್ಟು ಮಾಡಿದ್ದರು. ಸುಜಲಂ ಎಂದು 2021ರಲ್ಲಿ ನೂರು ದಿನದ ಅಭಿಯಾನವೂ ಆಯಿತು, ದೇಶಕ್ಕೆ ಹತ್ತು ಲಕ್ಷ ಇಂಗುಗುಂಡಿಯ ಗುರಿ ಇತ್ತು. ಈ ಬಾಬುಗಳಲ್ಲಿ ನಮ್ಮೂರಿಗೆ ಎಷ್ಟು ಬಂತು, ಯಾವ ಕಾಮಗಾರಿಗೆ ಹೋಯಿತು, ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಗ್ರಾಮ ಸಭೆಯಲ್ಲಿ ಓದಬೇಕೆಂದು ಕೇಳುತ್ತೇನೆ. ಕಾಂಕ್ರೀಟ್ ಕೆಲಸಕ್ಕೆ ಸಿಗುವ ಹಣ ಗಿಡ ನೆಡುವ ಕೆಲಸಕ್ಕೆ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ನಮಗೆ ಉತ್ತರ ಬೇಕು.

ಕಟ್ಟುವುದಕ್ಕಿಂತ ನೋಡಿಕೊಳ್ಳುವುದು ದೊಡ್ಡ ಮಾತು. ನಮ್ಮ ಮಾವನವರ ತಂದೆ ಈ ಕೆರೆಯ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಏರಿಯಲ್ಲಿ ಇಲಿ ಬಿಲ ಕಂಡರೆ ಮುಚ್ಚುವುದು ಅವರ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಅವರಿಗೆ ಇಂತಿಷ್ಟು ಎಂದು ಕಾಳು ಅಳೆದು ಕೊಡುತ್ತಿದ್ದರಂತೆ. ಕೆಲಸಕ್ಕೆ ಒಬ್ಬ ಗೊತ್ತಾದ ಮನುಷ್ಯ, ಆ ಮನುಷ್ಯನ ಹೊಟ್ಟೆಗೆ ಗೊತ್ತಾದ ಪಾಲು ಇದ್ದದ್ದರಿಂದ ಕೆರೆ ನಡೆಯಿತು. ಗಿಡದ ಹಾಸಿಗೂ ಹಾಗೆ ಒಬ್ಬರು ಬೇಕು. ತೊಟ್ಟಿಯ ಕಸ ತೆಗೆಯುವುದು, ಪೈಪು ಕಟ್ಟಿದೆಯೇ ನೋಡುವುದು, ಬೆಳೆದ ಗಿಡ ಕತ್ತರಿಸುವುದು, ವರ್ಷಕ್ಕೋ ಎರಡು ವರ್ಷಕ್ಕೋ ಹೂಳನ್ನು ಯಂತ್ರದಿಂದ ಹೀರಿಸುವುದು. ಕಸದ ಗಾಡಿಯನ್ನು ಹೆಂಗಸರ ಒಕ್ಕೂಟಕ್ಕೆ ಒಪ್ಪಂದ ಮಾಡಿ ಕೊಟ್ಟಿದ್ದೀರಿ, ನಮ್ಮ ಹುಡುಗಿಯೇ ಸ್ವಚ್ಛ ವಾಹಿನಿ ಓಡಿಸುತ್ತಾಳೆ. ಇದನ್ನೂ ಹಾಗೆಯೇ ಕೊಡಿ, ತಿಂಗಳ ಸಂಬಳ ಗೊತ್ತು ಮಾಡಿ, ಕೈಗವಸು ಬೂಟು ಕೊಡಿ. ಆದರೆ ಈ ಕೆಲಸ ನಮ್ಮ ಕೇರಿಯವರದ್ದೇ ಎಂದು ಮೊದಲೇ ತೀರ್ಮಾನ ಮಾಡಬೇಡಿ. ಊರಿನ ಎಲ್ಲ ಬೀದಿಯ ಸಂಘಗಳೂ ಸರದಿಯಲ್ಲಿ ಮಾಡಲಿ, ನೀರು ಎಲ್ಲರ ಮನೆಯಿಂದಲೂ ಬರುತ್ತದೆ.

ಊರಿನ ಅಕ್ಕ ತಂಗಿಯರಲ್ಲಿ, ಅಣ್ಣಂದಿರಲ್ಲಿ ನನ್ನದೊಂದು ಬಿನ್ನಹ. ಕರಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯಬೇಡಿ. ಕೊಟ್ಟಿಗೆ ತೊಳೆದ ನೀರು ತಿಪ್ಪೆಗೆ ಹೋದರೆ ಗೊಬ್ಬರ, ಮೋರಿಗೆ ಬಂದರೆ ನಮಗೆ ಕಾಯಿಲೆ. ಮದುವೆ ಮನೆಯ ಎಲೆ, ಕೋಳಿ ಅಂಗಡಿಯ ರೆಕ್ಕೆಪುಕ್ಕ ಮೋರಿಗೆ ಬೀಳುವುದು ನಿಲ್ಲಲಿ. ಶೌಚಾಲಯದ ಪೈಪನ್ನು ಮೋರಿಗೆ ಬಿಟ್ಟಿರುವವರು ಪಂಚಾಯಿತಿ ನೋಟಿಸು ಕೊಡುವ ತನಕ ಕಾಯುವುದು ಬೇಡ.

ಅಧ್ಯಕ್ಷರೇ, 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಊರಿನ ನೈರ್ಮಲ್ಯವನ್ನು ಪಂಚಾಯಿತಿಯ ಹೊಣೆ ಎಂದು ಬರೆದಿದೆ. ನೀವೂ ಹೆಣ್ಣುಮಗಳು, ಬಚ್ಚಲು ಬಳಿದು ಪಾತ್ರೆ ತಿಕ್ಕಿದವರು, ಈ ನೀರು ನಿಮಗೆ ಹೊಸದಲ್ಲ. ಚರಂಡಿಯ ಟೆಂಡರ್ ಕರೆಯುವ ಮೊದಲು ಒಂದು ಬೆಳಿಗ್ಗೆ ಜೆ.ಇ. (ಕಿರಿಯ ಎಂಜಿನಿಯರ್) ಅವರನ್ನು ಕರೆದುಕೊಂಡು ನಮ್ಮ ಕೇರಿಗೆ ಬನ್ನಿ. ನಲ್ಲಿ ನೀರು ಬಿಡುವ ಹೊತ್ತಿಗೇ ಬನ್ನಿ, ಮಧ್ಯಾಹ್ನ ಬಂದರೆ ಮೋರಿ ಒಣಗಿರುತ್ತದೆ. ಮೇಲಿನ ಬೀದಿಯಲ್ಲಿ ಯಾವ ಯಾವ ಮನೆಗೆ ಗುಂಡಿಗೆ ಜಾಗವಿದೆ ಎಂಬ ಪಟ್ಟಿಯನ್ನು ನಮ್ಮ ಸಂಘದವರು ಮನೆಮನೆಗೆ ಹೋಗಿ ಬರೆಯುತ್ತಿದ್ದೇವೆ, ಅದನ್ನು ಕೊಡುತ್ತೇವೆ. ಮಣ್ಣಿನ ಪರೀಕ್ಷೆಗೆ ಕುಣಿ ತೋಡಲು ನಮ್ಮ ಹುಡುಗರು ಬರುತ್ತಾರೆ. ಸಮುದಾಯ ಭವನದ ಹಿಂದಿನ ಖರಾಬು ಜಾಗವನ್ನು ಸರ್ವೆ ಮಾಡಿಸಲು ಅರ್ಜಿಯನ್ನು ಈ ಪತ್ರದ ಜೊತೆಯಲ್ಲೇ ಕೊಟ್ಟಿದ್ದೇವೆ, ಸ್ವೀಕೃತಿ ಹಾಕಿಕೊಡಿ. ಬರುವ ಗ್ರಾಮ ಸಭೆಯಲ್ಲಿ ಚರಂಡಿಯ ಅಂದಾಜು ಪಟ್ಟಿ, ನಕ್ಷೆ ಎರಡನ್ನೂ ಜನರ ಮುಂದೆ ಇಡಿ, ಕೆರೆಗೆ ಸೇರಿಸುವ ಭಾಗವನ್ನು ತೆಗೆದು ನಿರ್ಣಯ ಬರೆಯಿರಿ. ಕೇರಿಯ ಕೈಪಂಪಿನ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸುವ ಕೆಲಸಕ್ಕೆ ಮಾತ್ರ ಸಭೆಯ ತನಕ ಕಾಯಬೇಡಿ, ಈ ವಾರವೇ ಆಗಲಿ.

ಇಂತಿ,
ಕೆಳಗಿನ ಕೇರಿಯ ನಿವಾಸಿ,
ನೀರು ಪರೀಕ್ಷೆಯ ತರಬೇತಿ ಪಡೆದ ಐವರ ಪರವಾಗಿ